ಕೀಕ್ಯಾಡ್‌ನಲ್ಲಿ ಒಂದು ರಿಲೇ ಶೀಟ್ ತಿದ್ದಿದರೆ ಮೂರೂ ಯಾಕೆ ಬದಲಾಗುತ್ತವೆ?

ಸರ್ಕ್ಯೂಟ್ ಬಿಡಿಸುವ ಕೀಕ್ಯಾಡ್ ತಂತ್ರಾಂಶದಲ್ಲಿ, ಬೋರ್‌ವೆಲ್ ಪಂಪಿನ ಬೋರ್ಡಿಗೆ ರಿಲೇ ಸರ್ಕ್ಯೂಟಿನ ಶೀಟನ್ನು (ನಕ್ಷೆಯ ಹಾಳೆಯನ್ನು) ಮೂರು ಕಡೆ ಇಟ್ಟಿದ್ದೀರಿ. ಒಂದರಲ್ಲಿ 1ಕೆ ರೆಸಿಸ್ಟರನ್ನು 4.7ಕೆ ಮಾಡಿದರೆ ಮೂರರಲ್ಲೂ ಅದೇ ಬಂತು ಅಂದಿದ್ದೀರಿ. ಅದು ದೋಷವಲ್ಲ. ಪರದೆಯ ಮೇಲೆ ಶೀಟಿನ ಡಬ್ಬಿ ಮೂರು ಕಂಡರೂ ಮೂರೂ ಓದುವುದು ಒಂದೇ ಫೈಲನ್ನು. ರೆಸಿಸ್ಟರಿನ ಆರ್101, ಆರ್201 ಎಂಬ ಗುರುತು ಮಾತ್ರ ಪ್ರತಿ ಕಡೆ ಬೇರೆ. ವೈರಿಂಗ್, ವ್ಯಾಲ್ಯೂ ಎಲ್ಲಕ್ಕೂ ಒಂದೇ.

ಒಂದನ್ನಷ್ಟೇ ಬದಲಿಸಲು ಆ ಫೈಲನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಆ ಡಬ್ಬಿಯ ಶೀಟ್ ಪ್ರಾಪರ್ಟೀಸ್‌ನಲ್ಲಿ ಹೊಸ ಹೆಸರು ಕೊಟ್ಟು, ಆಮೇಲೆ ತಿದ್ದಿ. ಆದರೆ ಒಂದು ರೆಸಿಸ್ಟರಿಗಾಗಿ ಬೇರ್ಪಡಿಸಬೇಡಿ ಅನ್ನುತ್ತೇನೆ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವಾಗ ನಾನು ಹಾಗೆ ಮಾಡಿ, ಮುಂದೆ ರಿಲೇ ಕಾಯಿಲ್ ಮೇಲಿನ ಡಯೋಡಿನ ದಿಕ್ಕು ಸರಿಪಡಿಸುವಾಗ ಕಾಪಿಯನ್ನು ಮರೆತೆ. ಬೋರ್ಡುಗಳು ಆಗಲೇ ತಯಾರಾಗಿ ಬಂದಿದ್ದವು. ಒಂದು ಚಾನೆಲ್‌ನ ಟ್ರಾನ್ಸಿಸ್ಟರ್ ಎಲ್ಲದರಲ್ಲೂ ಸುಟ್ಟಿತು. ಬದಲಾಗುವ ರೆಸಿಸ್ಟರನ್ನು ಶೀಟಿನ ಹೊರಗೆ, ಡಬ್ಬಿಗಳಿರುವ ಮೇಲಿನ ಹಾಳೆಯಲ್ಲೇ ಇಡಿ. ಶೀಟು ಒಂದೇ ಉಳಿಯುತ್ತದೆ.

ಅದಕ್ಕಾಗಿ ಶೀಟಿನ ಒಳಗೆ ಹೊಸ ಹೈರಾರ್ಕಿಕಲ್ ಲೇಬಲ್ (ವೈರನ್ನು ಶೀಟಿನ ಹೊರಗೆ ಜೋಡಿಸುವ ಹೆಸರು) ಹಾಕಿದರೆ ಹೊರಗಿನ ಮೂರೂ ಡಬ್ಬಿಗಳಿಗೆ ಅದೇ ಹೆಸರಿನ ಪಿನ್ ಸೇರಿಸಲೇಬೇಕು. ಇಆರ್‌ಸಿ (ಜೋಡಣೆಯ ತಪ್ಪು ಹುಡುಕುವ ಪರೀಕ್ಷೆ) ಓಡಿಸಿ ನೋಡಿ, ನಂತರ ಎಫ್8 ಒತ್ತಿ ಬದಲಾವಣೆಯನ್ನು ಪಿಸಿಬಿಗೆ, ಅಂದರೆ ಬೋರ್ಡಿನ ವಿನ್ಯಾಸಕ್ಕೆ, ತನ್ನಿ.