ತೊಡೆ ಕವಚ ಜಾರಿ ಮಂಡಿ ಹಿಂದೆ ಕೊರೆಯುತ್ತಿದ್ದರೆ

ನಿಮ್ಮ ಸ್ಟಾರ್ಮ್‌ಟ್ರೂಪರ್ (ಸ್ಟಾರ್ ವಾರ್ಸ್ ಸಿನಿಮಾಗಳ ಬಿಳಿ ಕವಚದ ಸೈನಿಕ) ವೇಷದ ಕವಚದಲ್ಲಿ ತೊಡೆ ಭಾಗ ನಡೆಯುವಾಗ ಜಾರಿ ಮಂಡಿ ಹಿಂದೆ ಕೊರೆಯುತ್ತದೆ, ಕತ್ತರಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕತ್ತರಿಸಬೇಡಿ. ಮೊದಲು ಸೊಂಟಕ್ಕೆ ಒಳಗಡೆ ಒಂದು ಬೆಲ್ಟ್ ಕಟ್ಟಿ, ಅಗಲವಾದ ಎಲಾಸ್ಟಿಕ್‌ನಿಂದ ತೊಡೆ ಕವಚವನ್ನು ಅದಕ್ಕೆ ತೂಗುಹಾಕಿ. ನನಗೆ ಇಷ್ಟರಲ್ಲೇ ಅರ್ಧ ನೋವು ಹೋಯಿತು.

ಆಮೇಲೂ ಕೊರೆದರೆ, ಹಾಕಿಕೊಂಡೇ ಮಂಡಿ ಮಡಚಿ, ತಾಗುವ ಜಾಗಕ್ಕೆ ಯಾರಿಂದಲಾದರೂ ಪೆನ್ಸಿಲ್ ಗೆರೆ ಹಾಕಿಸಿ. ಒಂದೇ ಸಲ ಗೆರೆಯವರೆಗೂ ಹೋಗಬೇಡಿ. ಎರಡು ಮಿಲಿಮೀಟರ್ ತೆಗೆದು ಮತ್ತೆ ಹಾಕಿ ನೋಡಿ. ಜಾಸ್ತಿ ಕತ್ತರಿಸಿದ ಎಬಿಎಸ್ ಪ್ಲಾಸ್ಟಿಕ್ ಮತ್ತೆ ಬೆಳೆಯುವುದಿಲ್ಲ ಅಲ್ವಾ! ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಬೆರಳಾಡಿಸಿ ನೋಡಿ.

ಹಾಕುವಾಗ ಕಪ್ಪು ಒಳಸೂಟ್ ಆದಮೇಲೆ ತೊಡೆ, ಆಮೇಲೆ ಬೂಟು, ನಂತರ ಮೊಣಕಾಲಿನ ಕೆಳಭಾಗದ, ಹಿಂದೆ ತೆರೆಯುವ ಕವಚ. ಬೂಟು ಮೊದಲು ಹಾಕಿದರೆ ತೊಡೆಯ ಕೊಳವೆಯಲ್ಲಿ ಪಾದ ಸಿಕ್ಕಿಕೊಳ್ಳುತ್ತದೆ.