ತಿಣುಕಿದಷ್ಟೂ ಬಿಗಿಯಾಗುವ ಬಾಗಿಲು

ಪ್ರಶ್ನೆ: ನನಗೆ 36 ವರ್ಷ. ಮೂರು ವರ್ಷದಿಂದ ಮಲಬದ್ಧತೆ, ಹೊಟ್ಟೆ ಉಬ್ಬರ. ಅರ್ಧ ಗಂಟೆ ಕೂತು ತಿಣುಕಿದರೂ ಪೂರ್ತಿ ಹೋದ ಹಾಗೆ ಅನಿಸುವುದಿಲ್ಲ. ನಾರಿನ ಪುಡಿ ತೆಗೆದುಕೊಂಡರೆ ಉಬ್ಬರವೇ ಜಾಸ್ತಿ. ಕೊಲೊನೋಸ್ಕೋಪಿ ನಾರ್ಮಲ್ ಬಂದಿದೆ. ಪೆಲ್ವಿಕ್ ಫ್ಲೋರ್ ಸ್ನಾಯು, ಅಂದರೆ ಸೊಂಟದ ಗೂಡಿನ ತಳದ ಸ್ನಾಯು, ಬಿಗಿಯಾಗಿದೆ ಎಂದು ವೈದ್ಯರು ಹೇಳಿದರು. ಗೆಳತಿ ಕೆಗೆಲ್ ವ್ಯಾಯಾಮ ಮಾಡು ಅನ್ನುತ್ತಾಳೆ. ಮಾಡಲೇ?

ಉತ್ತರ: ಸದ್ಯಕ್ಕೆ ಬೇಡ. ಕೆಗೆಲ್ ಇರುವುದು ಸಡಿಲವಾದ ಸ್ನಾಯುವನ್ನು ಗಟ್ಟಿ ಮಾಡಲು. ನಿಮ್ಮ ಸ್ನಾಯುವಿಗೆ ಹಿಡಿಯುವುದು ಚೆನ್ನಾಗಿಯೇ ಗೊತ್ತು, ಬಿಡುವುದು ಗೊತ್ತಿಲ್ಲ. ಮುಷ್ಟಿ ಬಿಗಿದು ಕೂತವರಿಗೆ ಇನ್ನೂ ಬಿಗಿ ಅಂದ ಹಾಗಾಗುತ್ತದೆ.

ಗುದನಾಳದ ಕೆಳತುದಿಯ ಹಿಂದೆ ಪೆಲ್ವಿಕ್ ಫ್ಲೋರ್‌ನದೇ ಆದ ಪ್ಯೂಬೊರೆಕ್ಟಾಲಿಸ್ ಎಂಬ ಸ್ನಾಯು ಕುಣಿಕೆಯಂತೆ ಬಳಸಿಕೊಂಡಿದೆ. ಅದು ನಾಳವನ್ನು ಮುಂದಕ್ಕೆ ಎಳೆದು ಮಡಚಿಡುತ್ತದೆ, ನೀರಿನ ಪೈಪು ಮಡಚಿದ ಹಾಗೆ. ನಾವು ದಿನವಿಡೀ ತಡೆದುಕೊಂಡಿರುವುದಕ್ಕೆ ಈ ಮಡಿಕೆಯೂ ಒಂದು ಕಾರಣ. ಮಲವಿಸರ್ಜನೆಗೆ ಕೂತಾಗ ಕುಣಿಕೆ ಸಡಿಲಾಗಿ ಪೈಪು ನೇರವಾಗಬೇಕು. ಕೆಲವರಲ್ಲಿ ಉಲ್ಟಾ. ಮೇಲಿಂದ ಒತ್ತಿದಷ್ಟೂ ಕೆಳಗೆ ಬಿಗಿಯುತ್ತದೆ. ಇದನ್ನು ಡಿಸಿನರ್ಜಿಯಾ ಅನ್ನುತ್ತಾರೆ. ಮಲ ನಿಂತಲ್ಲೇ ನಿಂತು ನೀರು ಕಳೆದುಕೊಂಡು ಗಟ್ಟಿಯಾಗುತ್ತದೆ, ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ನಾರು ಸುರಿದರೆ ಬಾಗಿಲು ಮುಚ್ಚಿದ ಕೋಣೆಗೆ ಇನ್ನಷ್ಟು ಸಾಮಾನು ತುಂಬಿದಂತೆ, ಅಲ್ವಾ?

ಬಿಗಿತ ಯಾಕೆ ಬಂತು? ಮಲ ಬರುವ ಒತ್ತಡವಾದಾಗೆಲ್ಲ ತಡೆದಿಟ್ಟ ಅಭ್ಯಾಸ, ಹಿಂದೆ ಫಿಶರ್ (ಗುದದ್ವಾರದಲ್ಲಿ ಸೀಳು) ಆಗಿದ್ದರೆ ಆ ನೋವಿನ ಭಯ, ಹೀಗೆ ಏನಾದರೂ ಇರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಅದಕ್ಕೆ ಚಿಕಿತ್ಸೆ ನಿಲ್ಲಿಸಿಕೊಳ್ಳಬೇಕಿಲ್ಲ.

ಕೊಲೊನೋಸ್ಕೋಪಿ ಕರುಳಿನ ಒಳಗೋಡೆ ನೋಡುತ್ತದೆ, ಸ್ನಾಯು ಹೇಗೆ ವರ್ತಿಸುತ್ತದೆ ಎಂದಲ್ಲ. ಅದಕ್ಕೆ ಬೆರಳಿನ ಪರೀಕ್ಷೆ, ಗುದನಾಳದ ಒಳಗಿನ ಒತ್ತಡ ಅಳೆಯುವ ಆನೋರೆಕ್ಟಲ್ ಮ್ಯಾನೋಮೆಟ್ರಿ, ಬಲೂನ್ ಪರೀಕ್ಷೆ ಇವೆ. ಬಲೂನ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 50 ಮಿಲಿಲೀಟರ್ ನೀರು ತುಂಬಿದ ಪುಟ್ಟ ಬಲೂನನ್ನು ಹೊರಹಾಕಬೇಕು. ಹೆಚ್ಚಿನವರಿಗೆ ಒಂದೆರಡು ನಿಮಿಷ ಸಾಕು. ಮುಜುಗರದ ಪರೀಕ್ಷೆ, ನಿಜ. ಆದರೆ ನೋವಿನದ್ದಲ್ಲ.

ಡಿಸಿನರ್ಜಿಯಾ ಖಚಿತವಾದರೆ ಒಳ್ಳೆಯ ಚಿಕಿತ್ಸೆ ಬಯೋಫೀಡ್‌ಬ್ಯಾಕ್. ಪುಟ್ಟ ಸೆನ್ಸರ್ ಇಟ್ಟು ಸ್ನಾಯುವಿನ ಬಿಗಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಾರೆ. 'ಒತ್ತಿ' ಅಂದ ಕೂಡಲೇ ಗೆರೆ ಇಳಿಯುವ ಬದಲು ಮೇಲೇರುತ್ತದೆ. ತಾವೇ ಬಾಗಿಲು ಹಾಕಿಕೊಳ್ಳುತ್ತಿದ್ದೇವೆ ಅನ್ನುವುದು ಎಷ್ಟೋ ಜನರಿಗೆ ಆಗಲೇ ಗೊತ್ತಾಗುವುದು. ಗೆರೆಯನ್ನು ಕೆಳಗಿಳಿಸಲು ಕಲಿಯುವುದೇ ಚಿಕಿತ್ಸೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ ಹೋಗಬೇಕು. ಈ ತೊಂದರೆಗೆ ಬರೀ ಭೇದಿ ಮಾಡಿಸುವ ಔಷಧಿಗಿಂತ ಇದೇ ಹೆಚ್ಚು ಫಲ ಕೊಡುತ್ತದೆ. ಮಲ ಮೆತ್ತಗಾಗಲು ವೈದ್ಯರು ಕೊಟ್ಟ ಔಷಧಿಯನ್ನು ಜೊತೆಗೆ ಮುಂದುವರಿಸಬಹುದು.

ಮನೆಯಲ್ಲಿ ಉಸಿರಿನಿಂದ ಶುರು ಮಾಡಿ. ಮಂಡಿ ಮಡಚಿ ಮಲಗಿ, ಹೊಟ್ಟೆಯ ಮೇಲೆ ಕೈ ಇಡಿ. ನಿಧಾನಕ್ಕೆ ಉಸಿರೆಳೆದಾಗ ಕೈ ಮೇಲೇಳಬೇಕು, ಕೆಳಗಿನ ಸ್ನಾಯು ಹೂವರಳಿದಂತೆ ಇಳಿಯಬೇಕು. ಉಸಿರು ಬಿಡುವಾಗ ಅದನ್ನು ಮೇಲಕ್ಕೆ ಎಳೆದುಕೊಳ್ಳಬೇಡಿ. ದಿನಕ್ಕೆರಡು ಸಲ ಐದೈದು ನಿಮಿಷ ಸಾಕು. ಕಮೋಡ್ ಆದರೆ ಕಾಲ ಕೆಳಗೆ ಸ್ಟೂಲ್ ಇಟ್ಟು ಮಂಡಿ ಸೊಂಟಕ್ಕಿಂತ ಮೇಲಿರಲಿ, ಸ್ವಲ್ಪ ಮುಂದಕ್ಕೆ ಬಾಗಿ. ಉಸಿರು ಕಟ್ಟಿ ತಿಣುಕಬೇಡಿ. ಕನ್ನಡಿಗೆ ಹಬೆ ಊದುವ ಹಾಗೆ ಬಾಯಿ ತೆರೆದು ಉಸಿರು ಬಿಡಿ. ಹಲ್ಲು ಕಚ್ಚಿದ್ದೀರಾ ನೋಡಿಕೊಳ್ಳಿ, ಕಚ್ಚಿರುತ್ತೀರಿ! ಊಟವಾದ ಮೇಲೆ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ, ಆ ಹೊತ್ತಿಗೆ ಹೋಗಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ. ಸುಮ್ನೆ ಫೋನ್ ಹಿಡಿದು ಕೂರಬೇಡಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರೆ ಮಾತ್ರ ಹಳೆಯ ರಿಪೋರ್ಟ್ ನಾರ್ಮಲ್ ಇತ್ತು ಎಂದು ಸುಮ್ಮನಿರದೆ ಮತ್ತೆ ತೋರಿಸಿ. ಇಲ್ಲದಿದ್ದರೆ ಪೆಲ್ವಿಕ್ ಫ್ಲೋರ್ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಯಾರಿದ್ದಾರೆ ಎಂದು ನಿಮ್ಮ ವೈದ್ಯರನ್ನೇ ಕೇಳಿ. ಹೋದಾಗ, 'ನನಗೆ ಬಿಗಿ ಮಾಡುವುದಲ್ಲ, ಬಿಡುವುದು ಕಲಿಸಿ' ಅನ್ನಿ.