ಗುಡ್ ಫ್ರೈಡೇ ಮೂರು ತಾಸು ನಾನೊಬ್ನೇ ಮಾತಾಡ್ಬೇಕಾ?

ಪ್ರಶ್ನೆ: ಸರ್, ನಮ್ದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಎಲ್ಲಾ ಸೇರಿ ಮೂವತ್ತು ಜನ. ಅಯ್ಯನವ್ರಿಗೆ (ನಮ್ಮ ಪಾದ್ರಿ) ನಾಲ್ಕು ಊರು ಇರೋದ್ರಿಂದ ಈಸ್ಟರ್ ಹಿಂದಿನ ಪವಿತ್ರ ವಾರ ನೀನೇ ನಡೆಸು ಅಂದಿದಾರೆ. ಶುಕ್ರವಾರ 12ರಿಂದ 3ರ ತನಕ ಏಳು ಮಾತಿನ ಆರಾಧನೆ ನೆನೆಸ್ಕೊಂಡ್ರೇ ಭಯ ಆಗತ್ತೆ.
- ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಒಬ್ರೇ ಮಾತಾಡ್ಬೇಡಿ ಮಾರಾಯ್ರೆ, ಜನ ನಿದ್ದೆ ಮಾಡ್ತಾರೆ! ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತಲ್ಲಿ ಲೂಕನ ಸುವಾರ್ತೆಯಲ್ಲಿ 3, ಯೋಹಾನನಲ್ಲಿ 3, ಉಳಿದ 1 ಮತ್ತಾಯ ಮಾರ್ಕ ಇಬ್ರಲ್ಲೂ ಇದೆ, ಇವನ್ನ ಏಳು ಜನಕ್ಕೆ ಈಗ್ಲೇ ಹಂಚಿಬಿಡಿ, ಒಬ್ಬೊಬ್ರಿಗೆ ಹತ್ತೇ ನಿಮಿಷ, ಆಮೇಲೆ ಒಂದು ಕೀರ್ತನೆ, ಸ್ವಲ್ಪ ಮೌನ, ಪ್ರಾರ್ಥನೆ, ಟೈಮ್ ತಾನಾಗೇ ಹೋಗತ್ತೆ. ‘ನನಗೆ ನೀರಡಿಕೆ ಆಗಿದೆ’ ಅನ್ನೋ ಮಾತನ್ನ ದೂರದಿಂದ ಕೊಡ ಹೊತ್ತು ತರೋ ಅಕ್ಕಾರಿಗೇ ಕೊಡಿ, ಆ ಬಿಸಿಲಲ್ಲಿ ಅವ್ರು ಹೇಳಿದಷ್ಟು ಚೆನ್ನಾಗಿ ನಾವು ಹೇಳಲ್ಲ. ಓದೋಕೆ ಬರಲ್ಲ ಅಂದ್ರೆ ವಚನ ನೀವು ಓದಿ, ಮಾತು ಅವ್ರದ್ದು.

ಗರಿಗಳ ಭಾನುವಾರ ಮಕ್ಕಳ ಕೈಗೆ ಬಿಡಿ. ಗುರುವಾರ ಯೇಸು ಶಿಷ್ಯರ ಪಾದ ತೊಳೆದ ಯೋಹಾನ 13 ಓದಿ ಪಾದ ತೊಳೀರಿ, ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚೋ ಆರಾಧನೆ) ಮಾತ್ರ ಅಯ್ಯನವ್ರೇ ಬೇಕು, ಅವ್ರು ಯಾವತ್ತು ಬರ್ತಾರೆ ಅಂತ ಮೊದ್ಲೇ ಕೇಳಿಟ್ಕೊಳ್ಳಿ. ಶನಿವಾರ ಏನೂ ಇಡ್ಬೇಡಿ, ಖಾಲಿ ಇರ್ಲಿ, ನಂಗಂತೂ ಆ ದಿನದ ಸುಮ್ನಿರೋದೇ ಇಷ್ಟ. ಈಸ್ಟರ್ ಬೆಳಗ್ಗೆ ಕತ್ಲಲ್ಲೇ ಸ್ಮಶಾನಕ್ಕೆ ಹೋಗಿ ಹಾಡಿ, ಟಾರ್ಚ್ ಮರೀಬೇಡಿ, ಹಾವು ಇರ್ತವೆ.